ಮೂವತ್ತಾರು ಅರ್ಧಬೀಜಗಳು

ಕಂತು ಏಳು

ನೀರುದೋಸೆಯನ್ನು ಮುಳ್ಳುಚಮಚದಲ್ಲಿ ಚುಚ್ಚಿ ತಿನ್ನುವ ಮನುಷ್ಯನನ್ನು ದಫೇದಾರ ದೇರಣ್ಣ ತನ್ನ ಅರುವತ್ತು ವರ್ಷದ ಆಯುಸ್ಸಿನಲ್ಲಿ ಇವತ್ತೇ ಮೊದಲು ನೋಡಿದ್ದು. ದೋಸೆ ಪ್ರತಿ ಸಲವೂ ಮುಳ್ಳಿನಿಂದ ಜಾರಿ ತಟ್ಟೆಗೆ ಬೀಳುತ್ತಿತ್ತು. ಡಾಕ್ಟರ್ ಮಹಾಬಲರು ಅದನ್ನು ಮತ್ತೆ ಚುಚ್ಚುತ್ತಿದ್ದರು. ಐದು ಬೆರಳು ಕೊಟ್ಟ ದೇವರ ಮೇಲೆ ಇವರಿಗೆ ಏನು ಸಿಟ್ಟೋ.

“ಕೂತುಕೊಳ್ಳಿ ಅಂತ ನಾನು ಹೇಳಲಿಲ್ಲ,” ಎಂದರು ಮಹಾಬಲರು, ತಲೆ ಎತ್ತದೆ.

“ನಾನೂ ಕೇಳ್ಲಿಲ್ಲ,” ಎಂದು ದೇರಣ್ಣ ಎದುರಿನ ಕುರ್ಚಿ ಎಳೆದು ಕೂತ.

ಕುಂಬ್ರದ ಎಣ್ಣೆಬೀಜ ಫಾರಮ್ಮಿನ ಬೀರುವಿನಿಂದ ಹದಿನೇಳನೆಯ ನಂಬರಿನ ಕುಸುಬೆ ಬೀಜದ ಜಾಡಿ ಕಾಣೆಯಾಗಿ ಅಂದಿಗೆ ಮೂರು ದಿನ. ಬೀರುವಿನ ಕೀ ಇಟ್ಟುಕೊಂಡಿದ್ದ ಮೇಸ್ತ್ರಿ ಕುಕ್ಕಪ್ಪ ಹೊರಗೆ ಗೊಬ್ಬರದ ಕೊಟ್ಟಿಗೆಯಲ್ಲಿ ಪೊಲೀಸು ಕಾವಲಿನಲ್ಲಿ ಕೂತಿದ್ದ.

ಒಂದು ಗಂಟೆಗೆ ಪುತ್ತೂರಿನಿಂದ ಸಬ್ ಇನ್‌ಸ್ಪೆಕ್ಟರರ ಜೀಪು ಬರುವುದಿತ್ತು. ಈಗ ಹನ್ನೊಂದೂ ಕಾಲು. ಆ ಜೀಪು ಹತ್ತಿದನೆಂದರೆ ಕುಕ್ಕಪ್ಪನ ಕತೆ ಮುಗಿದ ಹಾಗೆಯೇ. ಠಾಣೆಯ ಹಿಂದಿನ ಕೋಣೆಯಲ್ಲಿ ಮನುಷ್ಯ ಎಷ್ಟನೆಯ ಪೆಟ್ಟಿಗೆ ಮಾಡದ ತಪ್ಪನ್ನು ಒಪ್ಪುತ್ತಾನೆಂಬುದು ದೇರಣ್ಣನಿಗೆ ಬಾಯಿಪಾಠ. ಮೂವತ್ತು ವರ್ಷ ಸುಳ್ಯ, ಪುತ್ತೂರು ಠಾಣೆಗಳಲ್ಲಿ ಅವನೇ ಒಪ್ಪಿಸಿದ್ದಾನೆ. ಅವರಲ್ಲಿ ಇಬ್ಬರು ಏನೂ ಮಾಡಿರಲಿಲ್ಲವೆಂದು ಆಮೇಲೆ ತಿಳಿಯಿತು. ಆ ಇಬ್ಬರ ಮುಖ ನೆನಪಾದ ದಿನ ಅವನಿಗೆ ಅನ್ನ ಇಳಿಯುವುದಿಲ್ಲ. ಪಿಂಚಣಿ ತೆಗೆದುಕೊಂಡು ಗುತ್ತಿಗಾರಿನಲ್ಲಿ ಹಾಯಾಗಿದ್ದವನು, ಗುರುತೂ ಇಲ್ಲದ ಹೆಣ್ಣುಮಗಳೊಬ್ಬಳು ಬರೆದ ಕಾಗದಕ್ಕೆ ಮೊದಲ ಬಸ್ಸು ಹಿಡಿದು ಬಂದದ್ದು ಅದಕ್ಕೇ.

ಆ ಹೆಣ್ಣುಮಗಳು, ಪ್ರಯೋಗಶಾಲೆಯ ಸಹಾಯಕಿ ಊರ್ಮಿಳಾ, ಈಗ ಬಾಗಿಲ ಹತ್ತಿರ ಒಂದು ಟೈಪು ಮಾಡಿದ ಲೇಖನವನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದಳು. ಅವಳಿಗೂ ಯಾರೂ ಕೂತುಕೊಳ್ಳಿ ಎಂದಿರಲಿಲ್ಲ. ಈ ಬಂಗಲೆಯಲ್ಲಿ ಕೂರುವ ಹಕ್ಕು ಇದ್ದದ್ದು ಡಾಕ್ಟರರಿಗೆ ಮತ್ತು ಅವರ ಬೆಕ್ಕಿಗೆ ಮಾತ್ರ.

“ಸಾಹೇಬ್ರೇ, ನಾನು ಓದಿದ್ದು ನಾಲ್ಕನೇ ಕ್ಲಾಸು,” ಎಂದ ದೇರಣ್ಣ. “ಈ ಬೀಜದಲ್ಲಿ ಎಂತ ದೊಡ್ಡದು ಉಂಟು ಅಂತ ಒಮ್ಮೆ ಹೇಳಿ. ದಡ್ಡನಿಗೆ ಹೇಳಿದ ಹಾಗೆ ಹೇಳಿ.”

“ಅದಕ್ಕೆ ನಾನು ಬೇರೆ ಪ್ರಯತ್ನ ಮಾಡಬೇಕಾಗಿಲ್ಲ.” ಮಹಾಬಲರು ತಮ್ಮ ಮಾತಿಗೆ ತಾವೇ ನಕ್ಕರು. ಊರು ಬಂಟ್ವಾಳದ ಆಚೆ. ಮಾತು ಮಾತ್ರ ಅರಮನೆಯ ಪಡಸಾಲೆಯಲ್ಲಿ ಹುಟ್ಟಿ ಬೆಳೆದವರದ್ದು. “ಇದು ಎಣ್ಣೆಬೀಜದ ಕೊಬ್ಬಿನ ಆಮ್ಲಗಳ ಆನುವಂಶಿಕ ನಿಯಂತ್ರಣದ ವಿಷಯ. ಅರ್ಥವಾಯಿತೇ?”

“ಇಲ್ಲ.”

“ಆಗುವುದಿಲ್ಲ. ಅದಕ್ಕೇ ನಾನು ಹೇಳುವುದು, ಇಂಥ ಕಡೆಗೆಲ್ಲ ಕಾನ್‌ಸ್ಟೇಬಲುಗಳು ಬರಬಾರದು.”

“ದಫೇದಾರ,” ಎಂದು ದೇರಣ್ಣ ತಿದ್ದಿದ.

ನಿಜವಾಗಿ ಅವನಿಗೆ ಎಲ್ಲವೂ ಅರ್ಥವಾಗಿತ್ತು. ಹಿಂದಿನ ದಿನ ಸಂಜೆ ಊರ್ಮಿಳಾ ಎರಡು ಗಾಜಿನ ಚೂರು ಹಿಡಿದುಕೊಂಡು ಹತ್ತೇ ನಿಮಿಷದಲ್ಲಿ ಹೇಳಿಕೊಟ್ಟಿದ್ದಳು. ಒಂದು ಗಾಜಿಗೆ ಅಂಗಡಿಯ ಕುಸುಬೆ ಎಣ್ಣೆ ಸವರಿ ತಿಂಗಳಾಗಿತ್ತು. ಅದು ವಾರ್ನಿಶಿನ ಹಾಗೆ ಒಣಗಿ ಉಗುರಿನಿಂದ ಕೆರೆದರೆ ಸಿಪ್ಪೆ ಏಳುತ್ತಿತ್ತು. ಇನ್ನೊಂದಕ್ಕೆ ಸವರಿದ್ದು ಹದಿನೇಳನೆಯ ನಂಬರಿನ ಮೂಲ ಗಿಡದ ಎಣ್ಣೆ. ಅದು ಸವರಿದ ದಿನದಂತೆಯೇ ಬೆರಳಿಗೆ ಜಾರುತ್ತಿತ್ತು. ಒಂದರಲ್ಲಿರುವುದು ಒಂದು ಬಗೆಯ ಕೊಬ್ಬಿನ ಆಮ್ಲ, ಇನ್ನೊಂದರಲ್ಲಿ ಬೇರೆಯದು. ಒಣಗುವ ಎಣ್ಣೆ ಬಣ್ಣದ ಡಬ್ಬಿಗೆ. ಒಣಗದ್ದು, ಬೇಗ ಕಮಟು ಹಿಡಿಯದ್ದು, ಅಡುಗೆಮನೆಗೆ.

ಯಾವ ಬೀಜದಲ್ಲಿ ಯಾವ ಎಣ್ಣೆ ಕೂಡಬೇಕೆಂದು ತೀರ್ಮಾನಿಸುವುದು ಆ ಬೀಜಕ್ಕೆ ತಂದೆತಾಯಿಯಿಂದ ಬಂದ ಒಂದೇ ಒಂದು ಅಂಶ. ಹೊಸ ಎಣ್ಣೆಯ ಮೂಲ ಗಿಡ ತೀರಾ ನರಪೇತಲ. ಅದಕ್ಕೆ ಊರ್ಮಿಳಾ ಅದನ್ನು ಗಟ್ಟಿ ತಳಿಯೊಂದಿಗೆ ಸಂಕರ ಮಾಡಿದ್ದಳು. ಮಕ್ಕಳಲ್ಲಿ ಹೊಸ ಗುಣ ಅಡಗಿ ಕೂತಿತು. ಮೊಮ್ಮಕ್ಕಳಲ್ಲಿ ನಾಲ್ಕಕ್ಕೊಂದರಂತೆ ಮತ್ತೆ ತಲೆ ಎತ್ತಿತು, ಅಜ್ಜನ ಮೂಗು ಮಗನನ್ನು ಬಿಟ್ಟು ಮೊಮ್ಮಗನ ಮುಖದಲ್ಲಿ ಕೂರುವ ಹಾಗೆ. ತಮಾಷೆಯೆಂದರೆ ಒಂದೇ ಹೂವಿನ ಬೀಜಗಳಲ್ಲೂ ಇದು ಬೇರೆ ಬೇರೆ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಬಿಳಿ, ಒಂದೇ ಗಾತ್ರ.

ಕುಸುಬೆಯ ಹೆಸರೇ ಕೇಳದ ಕುಂಬ್ರದಲ್ಲಿ ಈ ಮುಳ್ಳುಗಿಡ ಬೆಳೆಸಿದ್ದಕ್ಕೂ ಕಾರಣವಿತ್ತು. ಸುತ್ತ ನೂರು ಮೈಲಿಯಲ್ಲಿ ಬೇರೆ ಕುಸುಬೆ ಇಲ್ಲದಿದ್ದರೆ ಜೇನುಹುಳಗಳು ಪರಾಗ ಬೆರೆಸಿ ಜಾತಿ ಕೆಡಿಸುವ ಹೆದರಿಕೆ ಇಲ್ಲ. ಮಂಗಳೂರಿನ ಎಣ್ಣೆ ಮಿಲ್ಲಿನ ಧಣಿಯೊಬ್ಬರಿಗೆ ಈ ಉಪಾಯ ಹೊಳೆದು, ಅವರು ಇಲ್ಲಿ ಜಾಗ ಕೊಂಡು, ಫಾರಂ ಕಟ್ಟಿಸಿ, ಅದರ ನೆತ್ತಿಯ ಮೇಲೆ ಡಾಕ್ಟರ್ ಮಹಾಬಲರನ್ನು ಕೂರಿಸಿದ್ದರು. ಉಪಾಯದಲ್ಲಿ ದೋಷವಿದ್ದದ್ದು ಆ ಕೊನೆಯ ಭಾಗದಲ್ಲಿ ಮಾತ್ರ.

“ಈ ಕೆಲಸ ಎಲ್ಲ ನೀವೇ ಮಾಡಿದ್ದಾ?” ಎಂದು ದೇರಣ್ಣ ಕೇಳಿದ.

“ಮತ್ತೆ ಯಾರು ಮಾಡುತ್ತಾರೆ? ಒಂದೊಂದು ಬೀಜವನ್ನೂ ನಾನೇ ಕೈಯಾರೆ ಪರೀಕ್ಷೆ ಮಾಡಿದ್ದೇನೆ. ಒಂದೊಂದನ್ನೂ.”

“ಊರ್ಮಿಳಮ್ಮ?”

“ಬಾಟಲಿ ತೊಳೆಯುತ್ತಿದ್ದಳು.”

“ಕುಕ್ಕಪ್ಪ?”

“ಗುಡಿಸುತ್ತಿದ್ದ. ಈ ಊರಿನವರಿಗೆ ಬೀಜ ಅಂದರೆ ಹಲಸಿನ ಬೀಜ, ದಫೇದಾರರೇ. ಸಂಬಳ ತಿಂದು ಕೊನೆಗೆ ಕದಿಯುವುದು. ಅವನ ಊರು ಕೋಡಿಂಬಾಳ ಅಲ್ಲವೇ? ಅಲ್ಲಿ ರಬ್ಬರು ಹಾಕಿದವರಿಗೆ ಯಾರಿಗೋ ಮಾರಿರುತ್ತಾನೆ. ಪೊಲೀಸರು ನಾಲ್ಕು ಬಿಟ್ಟರೆ ತಾನಾಗಿ ಹೊರಗೆ ಬರುತ್ತದೆ.”

ನಾಲ್ಕು ಬಿಟ್ಟರೆ. ದೇರಣ್ಣನಿಗೆ ಮೈ ಉರಿಯಿತು. ಪೆಟ್ಟು ಎಂದರೆ ಏನೆಂದು ಗೊತ್ತಿಲ್ಲದ ಬಾಯಿಗಳಲ್ಲಿ ಆ ಮಾತು ಎಷ್ಟು ಸಲೀಸಾಗಿ ಬರುತ್ತದೆ! ಅವನು ಮೇಜಿನ ಮೇಲಿದ್ದ ಎರಡು ಖಾಲಿ ಸಾಸರುಗಳನ್ನು ತನ್ನ ಕಡೆ ಎಳೆದುಕೊಂಡ. ಎಡ ಕಿಸೆಯಿಂದ ಒಂದು ಹಿಡಿ ಕುಸುಬೆ ಬೀಜ ತೆಗೆದು ಮೊದಲನೆಯದಕ್ಕೆ ಸುರಿದ. ಹೊಳೆಯುವ, ದಪ್ಪ ದಪ್ಪ ಇಡೀ ಬೀಜ. ಆಮೇಲೆ ಬಲ ಕಿಸೆಯ ಕರವಸ್ತ್ರದ ಗಂಟು ಬಿಚ್ಚಿ ಎರಡನೆಯದಕ್ಕೆ ಕೊಡವಿದ. ಅವು ಅರ್ಧರ್ಧ ತುಂಡಾದ ಬೀಜಗಳು, ಅಕ್ಕಿಯ ನುಚ್ಚಿಗಿಂತ ತುಸು ದೊಡ್ಡವು.

ಬಾಗಿಲ ಹತ್ತಿರ ಊರ್ಮಿಳಾ ಒಂದು ಹೆಜ್ಜೆ ಮುಂದೆ ಬಂದಳು. ಬೀಗ ಹಾಕಿದ್ದ ಪ್ರಯೋಗಶಾಲೆಯಲ್ಲಿ, ಬೀರುವಿನ ಕೆಳಗಿನ ಕಸದ ಬುಟ್ಟಿಯೊಳಗೆ, ಹರಿದ ಕಾಗದಗಳ ನಡುವೆ ದೇರಣ್ಣನಿಗೆ ಆ ಅರ್ಧಬೀಜಗಳು ಬೆಳಿಗ್ಗೆ ಸಿಕ್ಕಿದ್ದವು. ಸಿಕ್ಕಿದ್ದನ್ನು ಅವಳಿಗೆ ಹೇಳಿದ್ದ; ಕರವಸ್ತ್ರ ಬಿಚ್ಚಿ ದೂರದಿಂದ ತೋರಿಸಿಯೂ ಇದ್ದ. ಕೊಡಿ ಎಂದು ಅವಳು ಕೈ ನೀಡಿದಾಗ ಮಾತ್ರ ಕೊಟ್ಟಿರಲಿಲ್ಲ. “ಈಗ ಬೇಡ. ಇದನ್ನು ನಾನು ಒಬ್ಬರ ಮುಖಕ್ಕೆ ಹಿಡಿಯಲಿಕ್ಕೆ ಉಂಟು,” ಎಂದಿದ್ದ.

“ನಾಡಿದ್ದು ಬಿತ್ತನೆ ಅಂತೆ,” ಎಂದ ದೇರಣ್ಣ. “ಈ ಎರಡರಲ್ಲಿ ನೀವು ಯಾವುದನ್ನು ಬಿತ್ತುದು, ಸಾಹೇಬ್ರೇ?”

ಮಹಾಬಲರು ಎರಡನೆಯ ಸಾಸರನ್ನು ಮುಳ್ಳುಚಮಚದ ಹಿಂಬದಿಯಿಂದ ಆಚೆ ತಳ್ಳಿದರು.

“ಇದೇನು ಹುಡುಗಾಟ? ಇಲಿ ಕಡಿದ ಕಸ ತಂದು ತಿಂಡಿಯ ಮೇಜಿನ ಮೇಲೆ ಸುರಿಯುತ್ತೀರಲ್ಲ! ಒಡೆದ ಬೀಜ ಬಿತ್ತುವ ಮೂರ್ಖ ಈ ಜಿಲ್ಲೆಯಲ್ಲಿ ಯಾರಿದ್ದಾನೆ? ಕೋಳಿಗೆ ಹಾಕಿ.”

ಊರ್ಮಿಳಾ “ಅಯ್ಯೋ” ಎಂದು ಬಾಯಿಗೆ ಕೈ ಹಿಡಿದುಕೊಂಡಳು.

ದೇರಣ್ಣ ಕುರ್ಚಿಗೆ ಒರಗಿದ. ಇಂಥ ಒಂದು ಗಳಿಗೆಗಾಗಿಯೇ ಅವನು ಬದುಕುವುದು. ದೊಡ್ಡವರೆನ್ನಿಸಿಕೊಂಡವರು ತಮ್ಮ ಬಾಯಿಂದಲೇ ತಮ್ಮ ಅಳತೆ ಹೇಳಿಬಿಡುವ ಗಳಿಗೆ.

“ನನ್ನ ಅಜ್ಜಿಯೂ ಹಾಗೇ ಹೇಳ್ತಿದ್ಲು,” ಎಂದ. “ಒಡೆದದ್ದು ಕೋಳಿಗೆ, ಇಡೀದು ಗದ್ದೆಗೆ. ಪಾಪ, ಅವಳು ದೆಹಲಿಯಲ್ಲಿ ಓದಿದವಳಲ್ಲ. ವಿಲಾಯಿತಿಗೆ ಹೋದವಳೂ ಅಲ್ಲ. ಊರ್ಮಿಳಮ್ಮ, ಆ ಲೇಖನದ ನಾಲ್ಕನೇ ಪುಟ ಓದಿ. ಇಂಗ್ಲಿಷು ಬೇಡ, ನಮ್ಮ ಭಾಷೆಯಲ್ಲಿ ಹೇಳಿ.”

ಊರ್ಮಿಳಾ ಪುಟ ಮಗುಚಿದಳು.

“ಪ್ರತಿಯೊಂದು ಬೀಜವನ್ನೂ ಅಡ್ಡಕ್ಕೆ ಎರಡಾಗಿ ಕತ್ತರಿಸಲಾಯಿತು. ಒಂದು ಅರ್ಧವನ್ನು ಅರೆದು, ಅದರ ಎಣ್ಣೆಯ ಹನಿಯನ್ನು ಯಂತ್ರದ ಗಾಜಿನಲ್ಲಿ ಇಟ್ಟು, ಯಾವ ಆಮ್ಲದ್ದೆಂದು ಅಂಕಿ ನೋಡಲಾಯಿತು. ಮೊಳಕೆ ಇರುವ ಇನ್ನೊಂದು ಅರ್ಧವನ್ನು ಬಿತ್ತನೆಗಾಗಿ ಕಾದಿಡಲಾಯಿತು. ನೂರೈವತ್ತು ಬೀಜ ಪರೀಕ್ಷಿಸಿದಾಗ ಮೂವತ್ತಾರು ಹೊಸ ಗುಣದವು ದೊರೆತವು.”

“ಆ ಅರ್ಧ ಮೊಳೀತದಾ?”

“ಮೊಳೀತದೆ. ಸ್ವಲ್ಪ ಜಾಗ್ರತೆ ಮಾಡಿ ನೋಡ್ಕೊಂಡ್ರೆ ಇಡೀ ಗಿಡ ಬರ್ತದೆ.”

“ಬರೆದವರು ಯಾರು?”

“ನಾನು.”

“ಕೆಳಗೆ ಸಹಿ ಯಾರದ್ದು?”

ಅವಳು ಕಾಗದವನ್ನು ಮೇಜಿನ ಮೇಲೆ ಇಟ್ಟಳು. ಸಹಿ ಮೂರು ಸಾಲು ತಿಂದು, ಕೊನೆಗೆ ಬಾಲದಲ್ಲಿ ಎರಡು ಸುತ್ತು ಹಾಕಿತ್ತು.

“ಸಹಿ ಹಾಕಿದ್ದೀರಿ, ಓದ್ಲಿಲ್ಲ,” ಎಂದ ದೇರಣ್ಣ. “ಯಾರೋ ಮಾಡಿದ ಅಡುಗೆ, ಬಡಿಸಿಕೊಂಡು ಹೊಗಳಿಸಿಕೊಂಡದ್ದು ನೀವು. ಬ್ಲೇಡಿನಲ್ಲಿ ಕೊಯ್ದರೆ ಬೀಜ ಪುಡಿ ಆಗ್ತಿತ್ತಂತೆ. ಕುಕ್ಕಪ್ಪ ತನ್ನ ಎಲೆಯಡಿಕೆ ಚೀಲದಿಂದ ಅಡಕತ್ತರಿ ತೆಗೆದು, ಅಡಿಕೆ ಹೋಳು ಮಾಡಿದ ಹಾಗೆ ಒಂದೇ ಒತ್ತಿಗೆ ಎರಡು ಮಾಡಿ ಕೊಟ್ಟ. ನೂರೈವತ್ತನ್ನೂ ಅವನೇ. ನಿಮಗೆ ಗೊತ್ತಿಲ್ಲ. ನೀವು ಆ ಕೋಣೆಗೆ ಬಂದದ್ದು ಫೋಟೋ ತೆಗೆಸಲಿಕ್ಕೆ ಮಾತ್ರ.”

“ನೀವು ಮಿತಿ ಮೀರುತ್ತಿದ್ದೀರಿ.”

“ಮೀರ್ಲಿಕ್ಕೇ ಬಂದದ್ದು ಮಾರಾಯ್ರೆ. ಕೇಳಿ. ಕಾಣೆಯಾದ ಜಾಡಿಯಲ್ಲಿ ಇದ್ದದ್ದು ಪರೀಕ್ಷೆ ಆಗದ ಇಡೀ ಬೀಜ. ಬಂಗಾರ ಇದ್ದದ್ದು ಅದರ ಮೇಲೆ ಇಟ್ಟಿದ್ದ ತಟ್ಟೆಯಲ್ಲಿ, ಈ ಮೂವತ್ತಾರು ಅರ್ಧದಲ್ಲಿ. ಕುಕ್ಕಪ್ಪ ಕಳ್ಳ ಆಗಿದ್ರೆ ಜಾಡಿ ಬಿಟ್ಟು ಇದನ್ನು ತಗೊಂಡು ಹೋಗ್ತಿದ್ದ. ಊರ್ಮಿಳಮ್ಮ ಆದ್ರೂ ಇದನ್ನೇ. ಜಾಡಿ ಕದ್ದು, ಇದನ್ನು ಇಲಿ ಕಡಿದದ್ದು ಅಂತ ಕಸದ ಬುಟ್ಟಿಗೆ ಕೊಡವಿದವ ಅಂದ್ರೆ ಈ ಕೆಲಸವನ್ನು ಒಂದು ದಿನವೂ ಕಣ್ಣಿಟ್ಟು ನೋಡದವ. ಬೀರುವಿಗೆ ಎರಡು ಕೀ. ಒಂದು ಕುಕ್ಕಪ್ಪನ ಹತ್ರ. ಇನ್ನೊಂದು?”

ಮಹಾಬಲರ ಕುತ್ತಿಗೆ ಕೆಂಪಾಗಿತ್ತು. ಆದರೆ ಮನುಷ್ಯ ಇನ್ನೂ ಬಗ್ಗಲಿಲ್ಲ. ಸೊಕ್ಕಿಗೆ ಬೆನ್ನೆಲುಬು ಗಟ್ಟಿ.

“ಇದು ಸಾಕ್ಷಿ ಅಲ್ಲ. ಯಾವ ಕೋರ್ಟೂ ಇದನ್ನು ಕೇಳುವುದಿಲ್ಲ.”

“ಕೋರ್ಟು ಬಿಡಿ. ನಿಮ್ಮ ಮೇಲೆ ನನಗೆ ಈಗ ಮರುಕ ಬರ್ತಾ ಉಂಟು,” ಎಂದ ದೇರಣ್ಣ. ಮರುಕದ ಲವಲೇಶವೂ ಅವನ ಸ್ವರದಲ್ಲಿ ಇರಲಿಲ್ಲ. “ಕದ್ದವನು ಅದನ್ನು ಯಾರಿಗೋ ಕೊಡ್ತಾನೆ. ಅವರು ಬಿತ್ತಿ, ಬೆಳೆದು, ಎಣ್ಣೆ ತೆಗೆದು ನೋಡ್ತಾರೆ. ಮುಕ್ಕಾಲು ಪಾಲು ಹಳೇ ಎಣ್ಣೆ. ವಾರ್ನಿಶು. ಅವರು ಬೀಜ ಕೊಟ್ಟ ಆ ಜನವನ್ನು ಎಂತ ಮಾಡಿಯಾರು?”

“ಮುಕ್ಕಾಲು?” ಎಂದರು ಮಹಾಬಲರು. “ಎಂತ ಮುಕ್ಕಾಲು?”

ಅರಮನೆಯ ಪಡಸಾಲೆ ಕುಸಿದುಬಿದ್ದಿತ್ತು. ಬಂಟ್ವಾಳದ ಆಚೆಯ ಊರು ಬಾಯಿಗೆ ಬಂದಿತ್ತು.

“ಮೂರು ಹಳೇದಕ್ಕೆ ಒಂದು ಹೊಸದು. ಹಲ್ಲಲ್ಲಿ ಕಚ್ಚಿ ನೋಡಿದ್ರೂ ಗೊತ್ತಾಗುದಿಲ್ಲ. ಅದೂ ಅದೇ ಲೇಖನದಲ್ಲಿ ಉಂಟು. ಎರಡನೇ ಪುಟ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಗಾದೆಯಲ್ಲಿ ಮಾತ್ರ ಎಂದು ಊರ್ಮಿಳಾ ತಿಳಿದಿದ್ದಳು. ಮಹಾಬಲರ ಕಣ್ಣು ಕೋಣೆಯ ಮೂಲೆಯ ಮಂಚದ ಕೆಳಗಿದ್ದ ಚರ್ಮದ ಸೂಟ್‌ಕೇಸಿನ ಮೇಲೆ ಹೋಗಿ, ಅಲ್ಲಿಯೇ ಒಂದು ಗಳಿಗೆ ನಿಂತಿತು. ದೇರಣ್ಣ ಎದ್ದು, ಸೂಟ್‌ಕೇಸನ್ನು ಎಳೆದು, ಮುಚ್ಚಳ ತೆರೆದ. ಅದಕ್ಕೆ ಬೀಗ ಕೂಡ ಇರಲಿಲ್ಲ. ಮಡಚಿದ ಉಣ್ಣೆಯ ಕೋಟಿನೊಳಗೆ ಜಾಡಿ ಮಲಗಿತ್ತು. ಅದರ ಕೊರಳಿಗೆ ಹದಿನೇಳೆಂದು ಬರೆದ ಚೀಟಿ.

ಉಳಿದದ್ದು ಹತ್ತು ನಿಮಿಷದಲ್ಲಿ ಹೊರಗೆ ಬಂತು. ಬೊಂಬಾಯಿಯ ಒಂದು ಕಂಪೆನಿ ದೊಡ್ಡ ಹುದ್ದೆ ಕೊಡುತ್ತೇನೆಂದಿತ್ತು, ಬೀಜ ತಂದರೆ. ಬೀಜ ಕಾಣೆಯಾದರೆ ಇಲ್ಲಿ ಯಾರ ಮೇಲಾದರೂ ಹೇಳಬೇಕು, ಕುಕ್ಕಪ್ಪ ಇದ್ದ. ಅಷ್ಟೇ. ಕುಕ್ಕಪ್ಪನ ಮೇಲೆ ಅವರಿಗೆ ದ್ವೇಷವೂ ಇರಲಿಲ್ಲ. ಕಾಲಿಗೆ ಕೆಸರಾದಾಗ ಹತ್ತಿರ ಸಿಕ್ಕಿದ ಗೋಣಿಗೆ ಒರಸಿದ ಹಾಗೆ ಒರಸಿದ್ದರು. ದೇರಣ್ಣನಿಗೆ ಹೇಸಿಗೆ ಬಂದದ್ದು ಅದಕ್ಕೇ. ಬಡವನ ಮೇಲೆ ಹಗೆ ಸಾಧಿಸುವವನಿಗೆ ಆ ಬಡವ ಇದ್ದಾನೆಂದಾದರೂ ಗೊತ್ತಿರುತ್ತದೆ.

“ಬರೀರಿ,” ಎಂದು ಕಾಗದ ಮುಂದಿಟ್ಟ. “ಬೀಜ ಸಿಕ್ಕಿದೆ, ಕುಕ್ಕಪ್ಪನ ಮೇಲಿನ ದೂರು ತಪ್ಪು, ವಾಪಸು ತಗೊಂಡಿದ್ದೇನೆ ಅಂತ. ಈ ಸಲ ಓದಿ ಸಹಿ ಹಾಕಿ.”

ಮಹಾಬಲರು ಬರೆದರು. ಸಹಿಗೆ ಬಾಲ ಬರಲಿಲ್ಲ.

ಗೊಬ್ಬರದ ಕೊಟ್ಟಿಗೆಯ ಬಾಗಿಲಲ್ಲಿ ಹೆಡ್ ಕಾನ್‌ಸ್ಟೇಬಲ್ ಮೇದಪ್ಪ ಬೀಡಿ ಸೇದುತ್ತಿದ್ದ. ದೇರಣ್ಣನ ಕೈಕೆಳಗೆ ಹನ್ನೆರಡು ವರ್ಷ ದುಡಿದು ಏನೂ ಕಲಿಯದ ಮನುಷ್ಯ. ಕಾಗದ ಓದಿ, ಮಗುಚಿ, ಹಿಂಬದಿಯನ್ನೂ ನೋಡಿದ.

“ಎಸ್ಸೈ ಬರುವ ತನಕ ಇಟ್ಕೊಳ್ಳುದು ಒಳ್ಳೇದಲ್ವಾ ದಫೇದಾರ್ರೇ?”

“ಎಂತಕೆ? ಇಟ್ಟು ಉಪ್ಪಿನಕಾಯಿ ಹಾಕ್ಲಿಕ್ಕುಂಟಾ? ದೂರೇ ಇಲ್ಲದವನನ್ನು ಯಾವ ಕಾನೂನಿನಲ್ಲಿ ಕೂರಿಸ್ತೀ?”

“ಹಾಗಾದ್ರೆ ನೀವು ಒಂದು ಜವಾಬು ಬರ್ದು ಕೊಡಿ.”

ದೇರಣ್ಣ ಆ ಕಾಗದದ ಅಡಿಯಲ್ಲೇ ಬರೆದ: ಈ ಮನುಷ್ಯನಿಗೆ ನಾನು ಜವಾಬ್ದಾರ.

ಕುಕ್ಕಪ್ಪ ಕೊಟ್ಟಿಗೆಯ ಮೂಲೆಯಿಂದ ಎದ್ದು ಬಂದ. ನಲವತ್ತೈದರ ಬಡಕಲು ದೇಹ. ಬೆರಳುಗಳು ಮಾತ್ರ ನೀಳ, ಕುಸುಬೆಯ ಮುಳ್ಳು ತಾಗಿ ತಾಗಿ ತುದಿಯೆಲ್ಲ ಕಪ್ಪು ಚುಕ್ಕೆ. ಬಿಟ್ಟಿದ್ದಾರೆ ಎಂದಾಗ ಅವನು ಕೈ ಮುಗಿಯಲಿಲ್ಲ. ಅಳಲೂ ಇಲ್ಲ. ಮೂರು ದಿನದ ಹೆದರಿಕೆಗೆ ಮರಗಟ್ಟಿದ್ದಾನೆ ಎಂದುಕೊಂಡ ದೇರಣ್ಣ.

“ನನಗೆ ಹೋಗ್ಬಹುದಾ?”

“ಹೋಗು ಮಾರಾಯ. ಹನ್ನೆರಡೂವರೆಗೆ ಪುತ್ತೂರಿಗೆ ಬಸ್ಸುಂಟು. ಮನೆಗೆ ಹೋಗಿ ಒಂದು ಹೊಟ್ಟೆ ಉಣ್ಣು. ನಾಡಿದ್ದು ಬಿತ್ತನೆಗೆ ಬಾ.”

“ಒಳ್ಳೇದು,” ಎಂದು ಕುಕ್ಕಪ್ಪ ಎಲೆಯಡಿಕೆಯ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿದ.

ಮೇದಪ್ಪ ರೂಢಿಯ ಪ್ರಕಾರ ಆ ಚೀಲಕ್ಕೆ ಕೈ ಹಾಕಹೋದ. ಬಿಡುವ ಮೊದಲು ಒಮ್ಮೆ ತಡಕುವುದು ಠಾಣೆಯ ಪದ್ಧತಿ. ದೇರಣ್ಣ ಅವನ ಕೈಯನ್ನು ಹಿಡಿದು ಕೆಳಗೆ ನೂಕಿದ.

“ನಾಚಿಕೆ ಆಗುದಿಲ್ವಾ ನಿನಗೆ? ಸೂಟ್‌ಕೇಸಿನವರ ಕಡೆ ತಿರುಗಿ ನೋಡ್ಲಿಕ್ಕೆ ಧೈರ್ಯ ಇಲ್ಲ, ಬಡವನ ಎಲೆಯಡಿಕೆ ತಡಕ್ತೀಯಾ?”

ಮೇದಪ್ಪ ಬೀಡಿ ಎಸೆದು ಹಿಂದೆ ಸರಿದ. ದೇರಣ್ಣ ತಾನೇ ರಸ್ತೆಯ ತನಕ ನಡೆದು ಹೋಗಿ, ಬಸ್ಸು ನಿಲ್ಲಿಸಿ, ಕುಕ್ಕಪ್ಪನನ್ನು ಹತ್ತಿಸಿದ. ಮುಂದಿನ ಸೀಟು ಕೊಡಬೇಕೆಂದು ಕಂಡಕ್ಟರ್ ಉಸ್ಮಾನನಿಗೆ ಜೋರಾಗಿ ಹೇಳಿದ, ಬಸ್ಸಿನವರೆಲ್ಲ ಕೇಳಲೆಂದೇ. ಪುತ್ತೂರಿನಲ್ಲಿ ಕಡಬದ ಬಸ್ಸು ತೋರಿಸಿಕೊಡಬೇಕೆಂದೂ ಹೇಳಿದ. ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ನಿಂತು ನೋಡಿದ. ಎಷ್ಟೋ ವರ್ಷಗಳಿಂದ ಅವನಿಗೆ ಇಷ್ಟು ಹಗುರವೆನಿಸಿರಲಿಲ್ಲ. ಇಬ್ಬರನ್ನು ಕೆಡಿಸಿದ ಕೈ ಒಬ್ಬನನ್ನು ಉಳಿಸಿತು ಎಂದು ಮನಸ್ಸಿನಲ್ಲೇ ಹೇಳಿಕೊಂಡ. ಇವತ್ತು ಎರಡು ತುತ್ತು ಹೆಚ್ಚೇ ಉಣ್ಣಬೇಕು.

ವಾಪಸು ಬಂದಾಗ ಪ್ರಯೋಗಶಾಲೆಯ ಬಾಗಿಲು ತೆರೆದಿತ್ತು. ಊರ್ಮಿಳಾ ಸಾಸರಿನ ಅರ್ಧಬೀಜಗಳನ್ನು ತಂದು ಬಿಳಿ ಕಾಗದದ ಮೇಲೆ ಸಾಲಾಗಿ ಜೋಡಿಸಿ, ಭೂತಗನ್ನಡಿ ಹಿಡಿದು ಬಗ್ಗಿದ್ದಳು. ಮೂರು ದಿನದ ಮೇಲೆ ಇವಳ ಮುಖದಲ್ಲಿ ಇವತ್ತಾದರೂ ನಗು ಕಾಣಬೇಕಿತ್ತು.

“ಸರಿ ಉಂಟಲ್ಲ, ಊರ್ಮಿಳಮ್ಮ? ಮೂವತ್ತಾರು?”

“ಮೂವತ್ತಾರು ಉಂಟು.”

“ಮತ್ತೆ?”

ಅವಳು ಒಂದು ಬೀಜವನ್ನು ಬೆರಳ ತುದಿಯಿಂದ ಅವನ ಕಡೆ ಉರುಳಿಸಿದಳು. “ಕುಸುಬೆ ಬೀಜ ಒಂದು ಕಡೆ ಚೂಪು, ಒಂದು ಕಡೆ ಅಗಲ. ಮೊಳಕೆ ಇರುದು ಚೂಪಿನ ಕಡೆ. ಅಗಲದ ಕಡೆಯನ್ನು ನಾವು ಎಣ್ಣೆಗೆ ಅರೀತೇವೆ. ಅರೆದ ಮೇಲೆ ಅದು ಇರುದೇ ಇಲ್ಲ.”

“ಆಯ್ತು.”

“ಇದರಲ್ಲಿ ಚೂಪು ಒಂದೂ ಇಲ್ಲ. ಮೂವತ್ತಾರೂ ಅಗಲದ ಕಡೆ. ಬಿತ್ತಿದ್ರೆ ಕೊಳೀತದೆ ಅಷ್ಟೆ.”

ದೇರಣ್ಣ ಬಗ್ಗಿ ನೋಡಿದ. ಅಷ್ಟೂ ಒಂದೇ ತರಹ, ಒಂದು ಬದಿ ಗುಂಡಗೆ, ಒಂದು ಬದಿ ಚಪ್ಪಟೆ. ಬೆಳಗಿನಿಂದ ನಾಲ್ಕು ಗಂಟೆ ಹೊತ್ತು ಅವು ಅವನ ಕಿಸೆಯಲ್ಲಿ ಇದ್ದವು. ಇದೇ ಬಂಗಾರವೆಂದು ಅವನು ಸಾಸರಿಗೆ ಸುರಿದು ಭಾಷಣ ಮಾಡಿದ್ದ. ಅರ್ಧ ಎಂದು ನೋಡಿದ್ದ. ಯಾವ ಅರ್ಧ ಎಂದು ನೋಡಿರಲಿಲ್ಲ. ಇವಳು ಕೈ ನೀಡಿದಾಗ ಕೊಟ್ಟಿದ್ದರೆ ಆಗಲೇ ತಿಳಿಯುತ್ತಿತ್ತು. ಆ ಡಾಕ್ಟರನಿಗೂ ತನಗೂ ಏನು ವ್ಯತ್ಯಾಸ ಎಂಬ ಮಾತು ಅವನ ತಲೆಗೆ ಬಂತು.

“ಆ ಮಹಾಬಲ—”

“ಅವರಿಗೆ ಅರ್ಧಬೀಜ ಅಂದ್ರೇನು ಅಂತಲೇ ಗೊತ್ತಿರ್ಲಿಲ್ಲ,” ಎಂದಳು ಊರ್ಮಿಳಾ. “ಬುಟ್ಟಿಗೆ ಕೊಡವಿದ್ದು ಅವರೇ ಇರ್ಬಹುದು. ಆದ್ರೆ ಅಷ್ಟು ಹೊತ್ತಿಗೆ ತಟ್ಟೆಯಲ್ಲಿ ಇದ್ದದ್ದೇ ಇದು. ಕೊಯ್ದ ಮುಖ ನೋಡಿ, ಎಷ್ಟು ಬೆಳ್ಳಗುಂಟು. ನಮ್ಮದು ಎರಡು ತಿಂಗಳ ಹಿಂದೆ ಕೊಯ್ದದ್ದು, ಕಂದು ಬಣ್ಣಕ್ಕೆ ತಿರುಗಿತ್ತು. ಇದು ಮೊನ್ನೆ ಮೊನ್ನೆ ಕೊಯ್ದದ್ದು. ಮಾಮೂಲು ಬೀಜ ಕೊಯ್ದು ತುಂಬಿಸಿಟ್ಟಿದ್ದಾರೆ.”

“ನೀವು ಕೊಯ್ದದ್ದಲ್ಲ?”

“ನನ್ನ ಕೈಯಲ್ಲಿ ಹತ್ತು ಕೊಯ್ದ್ರೆ ನಾಲ್ಕು ಪುಡಿ. ಇದು ನೋಡಿ ದೇರಣ್ಣನವರೇ. ಮೂವತ್ತಾರರಲ್ಲಿ ಒಂದಕ್ಕೂ ಬಿರುಕಿಲ್ಲ. ಅಡಕತ್ತರಿಯ ಒಂದೇ ಒತ್ತು.” ಅವಳು ಭೂತಗನ್ನಡಿಯನ್ನು ಕೆಳಗಿಟ್ಟಳು. ಅವಳ ಕಣ್ಣು ತುಂಬಿತ್ತು. “ಅವ ಕಳ್ಳ ಆಗಿದ್ರೆ ಜಾಡಿ ಬಿಟ್ಟು ಇದನ್ನೇ ತಗೊಂಡು ಹೋಗ್ತಿದ್ದ ಅಂತ ಆಗ ನೀವೇ ಹೇಳಿದ್ರಿ.”

ಹೊರಗೆ ಜೀಪು ಬಂದು ನಿಂತ ಸದ್ದಾಯಿತು. ಬೂಟುಗಾಲು ಜಲ್ಲಿಯ ಮೇಲೆ ಇಳಿಯಿತು. ಮೇದಪ್ಪ ಓಡಿಹೋಗಿ ಸೆಲ್ಯೂಟು ಹೊಡೆದದ್ದೂ, ಒಂದು ಕಾಗದ ಬಿಚ್ಚಿದ ಸರಬರವೂ ಕೇಳಿಸಿತು.

ಊರ್ಮಿಳಾ ಬೀಜಗಳ ಮೇಲೆ ಸೆರಗು ಎಳೆದು ಮುಚ್ಚಿ, ದೇರಣ್ಣನ ಮುಖ ನೋಡಿದಳು.

“ದೇರಣ್ಣ ಇದ್ದಾರಾ ಒಳಗೆ?” ಎಂದು ಸಬ್ ಇನ್‌ಸ್ಪೆಕ್ಟರರು ಅಂಗಳದಿಂದಲೇ ಕೂಗಿದರು. “ಈ ಕುಕ್ಕಪ್ಪನಿಗೆ ನೀವು ಜವಾಬ್ದಾರರು ಅಂತ ಬರ್ದಿದ್ದೀರಲ್ಲ. ಎಲ್ಲಿದ್ದಾನೆ ಅವ?”